ಊಟದ ಹೊತ್ತಿಗೆ ಓಡಾಡಿದ ಬಾಣ

ಕೀಬೋರ್ಡಿನ ಮೇಲೆ ಊದಿನಕಡ್ಡಿಯ ಬೂದಿ ಬಿದ್ದಿತ್ತು. ನಾನು ಅದನ್ನು ಊದಿ, ಬಟ್ಟೆಯಿಂದ ಒರೆಸಿ, ಇದು ಯಾರ ಕೆಲಸ ಎಂದು ಸಿಡುಕಿದೆ. ಕಬ್ಬಿಣ ಪರೀಕ್ಷಿಸುವ ಆ ಲ್ಯಾಬಿನಲ್ಲಿದ್ದವರು ಮಿಕಿಮಿಕಿ ನೋಡಿದರೇ ಹೊರತು ಯಾರೂ ಬಾಯಿ ಬಿಡಲಿಲ್ಲ. ಕಾರ್ಖಾನೆಯಲ್ಲಿ ಯಂತ್ರಕ್ಕೆ ಪೂಜೆ ಮಾಡುವುದು ಹೊಸದೇನಲ್ಲ. ದಸರೆಯ ಖಂಡೇಪೂಜೆಗೆ ಲೇಥಿಗೆ ಕುಂಕುಮ ಹಚ್ಚುತ್ತಾರೆ, ಅಮವಾಸ್ಯೆಗೆ ಭಟ್ಟಿಯ ಮುಂದೆ ಕಾಯಿ ಒಡೆಯುತ್ತಾರೆ. ಆದರೆ ಹಬ್ಬವೂ ಇಲ್ಲದ, ಅಮವಾಸ್ಯೆಯೂ ಅಲ್ಲದ ಒಂದು ಬುಧವಾರ ಕಂಪ್ಯೂಟರಿಗೇಕೆ ಊದಿನಕಡ್ಡಿ ಎಂದು ತಿಳಿಯಲಿಲ್ಲ. ಇವರ ಭಕ್ತಿಗೆ ಕೊನೆಯಿಲ್ಲ ಎಂದು ಗೊಣಗಿಕೊಂಡು ನನ್ನ ಕೆಲಸಕ್ಕೆ ಹೋದೆ.

ಇದು ಎರಡು ಸಾವಿರದ ನಾಲ್ಕೈದರ ಸುಮಾರಿನ ಮಾತು. ಬೈಲಹೊಂಗಲದಿಂದ ಬೆಳಗಾವಿಯ ಕಡೆ ಹೋಗುವ ದಾರಿಯಲ್ಲಿದ್ದ ಎರಕದ ಕಾರ್ಖಾನೆ ನಮ್ಮದು. ಕಬ್ಬಿಣ ಕರಗಿಸಿ, ಮರಳಿನ ಅಚ್ಚಿಗೆ ಹೊಯ್ದು, ಪಂಪು ಮತ್ತು ವಾಲ್ವುಗಳ ಮೈ ತಯಾರಿಸುತ್ತಿದ್ದೆವು. ಇದ್ದ ಕಂಪ್ಯೂಟರುಗಳು ಬೆರಳೆಣಿಕೆಯಷ್ಟು. ಅವನ್ನು ನೋಡಿಕೊಳ್ಳುವವನು ನಾನೊಬ್ಬನೇ ಆದ್ದರಿಂದ ಇಡೀ ಕಾರ್ಖಾನೆಗೆ ನಾನು ಕಂಪ್ಯೂಟರ್ ಮಾಸ್ತರ.

ಅದೇ ವಾರ ಮಾಲಕರು ಕರೆಸಿದರು. ಮ್ಯಾನೇಜರರೂ ಅಲ್ಲೇ ಕುಳಿತಿದ್ದರು. ಪುಣೆಯ ನಮ್ಮ ದೊಡ್ಡ ಗಿರಾಕಿಯಿಂದ ಫೋನ್ ಬಂದಿತ್ತು. ಅವರ ಹೊಸ ಪಂಪಿನ ಡ್ರಾಯಿಂಗು ಗೆರೆಗೆ ಗೆರೆ ಹೊಂದುವಂತೆ ಬೇರೊಂದು ಎರಕದ ಕಾರ್ಖಾನೆಯವರ ಕೈಯಲ್ಲಿ ಸಿಕ್ಕಿತ್ತಂತೆ. ಆ ಡ್ರಾಯಿಂಗು ಇದ್ದದ್ದು ಅವರ ಹತ್ತಿರ ಮತ್ತು ನಮ್ಮ ಹತ್ತಿರ ಮಾತ್ರ. ಸಂಕ್ರಾಂತಿಗೆ ಮೊದಲು ಅವರ ಕಡೆಯವರು ತಪಾಸಣೆಗೆ ಬರುತ್ತಾರೆ. ಅಷ್ಟರೊಳಗೆ ತೂತು ಎಲ್ಲಿದೆ ಎಂದು ತೋರಿಸಬೇಕು, ಮುಚ್ಚಬೇಕು, ಕಾರ್ಖಾನೆಯ ಎಲ್ಲರಿಗೂ ಇಂಥ ಕಳ್ಳತನದ ವಿಷಯದಲ್ಲಿ ತರಬೇತಿ ಕೊಟ್ಟಿರಬೇಕು. ಇಲ್ಲದಿದ್ದರೆ ಆರ್ಡರು ಬಂದ್.

ತೂತು ಎಲ್ಲಿದೆ ಎಂಬುದನ್ನು ಮ್ಯಾನೇಜರರು ಆಗಲೇ ತೀರ್ಮಾನಿಸಿಬಿಟ್ಟಿದ್ದರು. ಡ್ರಾಯಿಂಗಿನ ಫೈಲನ್ನು ಕೊನೆಯ ಸಲ ತೆರೆದದ್ದು ಲ್ಯಾಬಿನ ಕಂಪ್ಯೂಟರಿನಿಂದ, ಲ್ಯಾಬಿನ ಹಳೆಯ ಮುಖ್ಯಸ್ಥರ ಹೆಸರಿನಲ್ಲಿ. ಆ ಮುಖ್ಯಸ್ಥರು ತೀರಿಕೊಂಡು ವರ್ಷವಾಗಿತ್ತು. ಭಟ್ಟಿಯ ಕಬ್ಬಿಣದ ಚೂರನ್ನು ಪರೀಕ್ಷೆಯ ಯಂತ್ರಕ್ಕಿಟ್ಟು, ಫಲಿತಾಂಶ ಬರುವವರೆಗೆ ಕುರ್ಚಿಗೆ ಒರಗಿದವರು ಮತ್ತೆ ಏಳಲಿಲ್ಲ. ಅವರ ಹೆಂಡತಿಗೆ ಕಂಪನಿ ಅದೇ ಲ್ಯಾಬಿನಲ್ಲಿ ಕೆಲಸ ಕೊಟ್ಟಿತ್ತು. ಸಂಪಗಾಂವದಿಂದ ದಿನಾ ಬಸ್ಸಿಗೆ ಬರುತ್ತಿದ್ದರು. ಮನೆಯಲ್ಲಿ ಹೈಸ್ಕೂಲಿನ ಮಗಳು ಮತ್ತು ಅತ್ತೆ. ಆ ಮೂವರಿಗೂ ಇದೊಂದೇ ನೌಕರಿ ಆಧಾರ. ಕಾರ್ಖಾನೆಯಲ್ಲಿ ಎಲ್ಲರೂ ಅವರನ್ನು ಅಕ್ಕಾರ ಎನ್ನುತ್ತಿದ್ದರು.

"ಸತ್ತವರ ಹೆಸರಿಲೆ ದಿನಾ ಕಂಪ್ಯೂಟರ್ ಒಳಗ ಹೋಗಾಕಿ ಒಬ್ಬಾಕಿನ ಅದಾಳ. ಮತ್ಯಾರನ್ನ ಹುಡುಕೂದು?" ಎಂದರು ಮ್ಯಾನೇಜರರು.

ಮಾಲಕರು ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. ಆಮೇಲೆ ನನ್ನ ಕಡೆ ತಿರುಗಿ, "ನೋಡ್ರಿ ಮಾಸ್ತರ, ಅವರು ಬರೂದ್ರಾಗ ನಿಮ್ಮ ಕಡಿಂದ ಬ್ಯಾರೆ ಏನೂ ಬರಲಿಲ್ಲಂದ್ರ ಆಕಿನ್ನ ಬಿಡಸಬೇಕಾಕ್ಕೈತಿ. ನನಗೂ ಮನಸ್ಸಿಲ್ಲ," ಎಂದರು.

ಹೀಗೆ ನನ್ನ ತರಬೇತಿ ಶುರುವಾಯಿತು. ಮೊದಲ ಪಾಳಿ ಮುಗಿದು ಎರಡನೆಯದು ಹಿಡಿಯುವ ನಡುವೆ, ಕ್ಯಾಂಟೀನಿನ ಶೆಡ್ಡಿನಲ್ಲಿ ಪಾಠ. ಗೋಡೆಗೆ ಬಿಳಿ ಪಂಚೆ ಕಟ್ಟಿ, ಬಾಡಿಗೆ ಪ್ರೊಜೆಕ್ಟರ್ ತಂದು, ವೈರಸ್ಸು ಎಂದರೇನು, ಹ್ಯಾಕರ್ ಎಂದರೆ ಯಾರು ಎಂದು ಗಂಟಲು ಹರಿದುಕೊಂಡೆ. ಮುಖವೆಲ್ಲ ಕಪ್ಪು ಮರಳಾಗಿದ್ದ ಅಚ್ಚಿನ ವಿಭಾಗದವರು ಎರಡನೇ ಚಿತ್ರಕ್ಕೇ ಗೊರಕೆ ಹೊಡೆದರು. ಎಚ್ಚರವಿದ್ದವರಲ್ಲಿ ಒಬ್ಬರು, ತಾವು ಮುಟ್ಟುವುದು ಮರಳು, ಅದಕ್ಕೆ ಯಾವ ವೈರಸ್ಸು ಹತ್ತುತ್ತದೆ ಎಂದು ಕೇಳಿದರು. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು ಎಂದುಕೊಂಡೆ. ಆದರೆ ಕಿನ್ನರಿಯೂ ಅಷ್ಟೇನೂ ಚೆನ್ನಾಗಿರಲಿಲ್ಲ. ನಾನು ಹೇಳುತ್ತಿದ್ದದ್ದರಲ್ಲಿ ಅವರ ಬದುಕಿನದು ಒಂದು ಮಾತೂ ಇರಲಿಲ್ಲ.

ಮುಂದಿನ ಪಾಠಕ್ಕೆ ಪ್ರೊಜೆಕ್ಟರ್ ಬಿಟ್ಟು ಬರಿಗೈಲಿ ಹೋದೆ. ನಮ್ಮ ಕಡೆ ಹೊಸಬರು ಸಿಕ್ಕರೆ ಕೇಳುವ ಮೊದಲ ಮಾತು ಊರು ಯಾವುದು, ಎರಡನೆಯದು ಮನೆದೇವರು ಯಾವುದು. ನಾನೂ ಅದನ್ನೇ ಕೇಳುತ್ತ ಹೋದೆ. ಡ್ರಾಯಿಂಗ್ ವಿಭಾಗದವರು ಸವದತ್ತಿ ಕಡೆಯವರು, ಎಲ್ಲಮ್ಮ ಎಂದರು. ಮಾಲು ಕಳಿಸುವವರು ರಾಮದುರ್ಗದವರು, ಗೊಡಚಿ ವೀರಭದ್ರ ಎಂದರು. ಉಗ್ರಾಣದವರು ದೇಗಾಂವದಿಂದ ಬರುವವರು, ಮೈಲಾರಲಿಂಗನ ಹೆಸರು ಹೇಳಿದರು. ಹೇಳುವಾಗ ಒಬ್ಬೊಬ್ಬರ ಮುಖವೂ ಅರಳಿತ್ತು. ಎಲ್ಲರನ್ನೂ ಎಬ್ಬಿಸಿಕೊಂಡು ಆಫೀಸಿಗೆ ಹೋಗಿ, ಪಾಸ್‌ವರ್ಡ್ ಎಂಬ ಗುಟ್ಟಿನ ಪದ ಕೇಳುವಲ್ಲಿ ಆ ದೇವರ ಹೆಸರುಗಳನ್ನೇ ಒತ್ತಿ ಅವರವರ ಕಂಪ್ಯೂಟರನ್ನು ಅವರೆದುರಿಗೇ ತೆರೆದೆ. ಒಂದೆರಡು ಬಿಟ್ಟರೆ ಎಲ್ಲವೂ ಬಾಯಿ ಬಿಟ್ಟವು.

ಉಗ್ರಾಣದವರಿಗೆ ನಾಚಿಕೆಯಾಯಿತು. ದೇವರ ಹೆಸರಿಟ್ಟರೆ ದೇವರೇ ಕಾಯುತ್ತಾನೆ ಎಂದುಕೊಂಡಿದ್ದರಂತೆ. ದೇವರು ಹೊಲ ಮನೆ ಕಾಯುತ್ತಾನೆ, ಕಂಪ್ಯೂಟರು ನೀವೇ ಕಾಯಬೇಕು ಎಂದೆ. ಆ ದಿನದಿಂದ ಗೊರಕೆ ನಿಂತಿತು.

ಗುಟ್ಟಿನ ಪದವನ್ನು ಉದ್ದವಾಗಿಯೂ ಮರೆಯದಂತೆಯೂ ಇಡುವುದು ಹೇಗೆ ಎಂಬುದಕ್ಕೆ ಒಡಪು ನೆರವಿಗೆ ಬಂತು. ನಮ್ಮಲ್ಲಿ ಹೆಂಡತಿ ಗಂಡನ ಹೆಸರನ್ನು ಸುಮ್ಮನೆ ಬಾಯಿಬಿಟ್ಟು ಹೇಳುವುದಿಲ್ಲ. ಪ್ರಾಸ ಕೂಡಿಸಿ ಎರಡು ಸಾಲು ಕಟ್ಟಿ, ಅದರೊಳಗೆ ಹೆಸರು ಸೇರಿಸಿ ಹೇಳುವುದು ಪದ್ಧತಿ. ನಿಮಗೆ ಬರುವ ಒಡಪೊಂದನ್ನು ಮನಸ್ಸಿನಲ್ಲಿ ಹೇಳಿಕೊಳ್ಳಿ, ಪ್ರತಿ ಪದದ ಮೊದಲ ಅಕ್ಷರ ಮಾತ್ರ ಒತ್ತಿರಿ ಎಂದೆ. ಅಚ್ಚಿನೊಳಗಿಡುವ ಮರಳಿನ ತಿರುಳು ಮಾಡುವ ಹೆಣ್ಣುಮಕ್ಕಳು ನಕ್ಕು ನಕ್ಕು ಸೆರಗು ಬಾಯಿಗಿಟ್ಟುಕೊಂಡರು. ಗಂಡಸರು, ತಮಗೆ ಒಡಪು ಬಾರದು, ಹೆಂಡಂದಿರನ್ನು ಕೇಳಿಕೊಂಡು ಬರುತ್ತೇವೆಂದರು. ಕೇಳಿದರೆ ಗುಟ್ಟು ಮನೆಯಲ್ಲೇ ಒಡೆಯುತ್ತದಲ್ಲ ಎಂದು ಬೈದೆ. ಇಡೀ ಶೆಡ್ಡು ಗದ್ದಲವಾಗಿದ್ದಾಗ ಹಿಂದಿನ ಬೆಂಚಿನಲ್ಲಿ ಅಕ್ಕಾರು ಮಾತ್ರ ಊಟದ ಡಬ್ಬಿಯ ಮುಚ್ಚಳ ಹಿಡಿದು ಸುಮ್ಮನೆ ಕುಳಿತಿದ್ದರು. ಗಂಡ ತೀರಿದವರು ಒಡಪು ಹೇಳುವುದಿಲ್ಲ. ಅದು ನನಗೆ ಹೊಳೆದದ್ದು ಅವರ ಮುಖ ನೋಡಿದ ಮೇಲೆ.

ಫೋನಿನ ಪಾಠವೂ ನಡೆಯಿತು. ಬೈಲಹೊಂಗಲದ ಒಂದು ಟೆಲಿಫೋನ್ ಬೂತಿನಿಂದ ನಾನೇ ದನಿ ಬದಲಿಸಿ, ಫೋನು ರಿಪೇರಿಯವನು ಎಂದು ಕಾರ್ಖಾನೆಗೆ ಫೋನ್ ಮಾಡಿದೆ. ಆಪರೇಟರ್ ಹುಡುಗಿ ಕೇಳಿದ್ದೆಲ್ಲ ಹೇಳಿ, ಕೇಳದಿದ್ದದ್ದನ್ನೂ ಹೇಳಿ, ಊಟ ಆಯ್ತೇನ್ರಿ ಎಂದು ವಿಚಾರಿಸಿದಳು. ಮನೆಗೆ ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ ನೀನ್ಯಾರು ಎಂದು ಕೇಳುವುದು ನಮ್ಮವರಿಗೆ ಸಾಯುವಷ್ಟು ಕಷ್ಟ. ಹೆಸರು ಕೇಳಿ, ಫೋನ್ ಇಟ್ಟು, ಗೊತ್ತಿರುವ ನಂಬರಿಗೆ ನೀನೇ ತಿರುಗಿ ಮಾಡು ಎಂದು ಮತ್ತೆ ಮತ್ತೆ ಹೇಳಿಕೊಟ್ಟೆ. ಕಲಿತಳು ನೋಡಿ, ಒಂದು ದಿನ ಮಾಲಕರೇ ಬೆಳಗಾವಿಯಿಂದ ಮಾತಾಡಿದರೂ, ವಾಪಸ್ ಮಾಡತೇನ್ರಿ ಎಂದು ಇಟ್ಟುಬಿಟ್ಟಳು.

ಇಷ್ಟೆಲ್ಲ ಆದರೂ ಆ ಹೆಸರು ಹಾಗೇ ಉಳಿದಿತ್ತು. ಸತ್ತವರ ಹೆಸರನ್ನು ಕಂಪ್ಯೂಟರಿನಿಂದ ತೆಗೆಯುವುದೆಂದರೆ ನನಗೆ ಅರೆಗಳಿಗೆಯ ಕೆಲಸ. ತೆಗೆಯಲೆಂದೇ ಲ್ಯಾಬಿಗೆ ಹೋದೆ. ಅವರ ಕುರ್ಚಿ ಇದ್ದಲ್ಲೇ ಇತ್ತು, ದಿಂಬಿನ ಮೇಲೆ ಅವರು ಕುಳಿತ ತಗ್ಗು ಕೂಡ. ಅದರ ಮೇಲೆ ಯಾರೂ ಕೂಡುತ್ತಿರಲಿಲ್ಲ. ಅಕ್ಕಾರು ಪಕ್ಕಕ್ಕೊಂದು ಸ್ಟೂಲು ಹಾಕಿಕೊಂಡು ಅಡ್ಡಕ್ಕೆ ಬಾಗಿ ಕೆಲಸ ಮಾಡುತ್ತಿದ್ದರು. ನಿಮ್ಮ ಹೆಸರಿನಲ್ಲೇ ಬೇರೆ ಮಾಡಿಕೊಡುತ್ತೇನೆ, ಇದನ್ನು ಮುಚ್ಚೋಣ ಎಂದೆ.

ಅವರು ಕೀಬೋರ್ಡಿನ ಮೇಲಿಂದ ಕೈ ತೆಗೆಯದೆ ಹೇಳಿದರು: "ಅವರ ಹೆಸರ ನಾ ಇವತ್ತಿಗೂ ಸುಮ್ಮನ ಬಾಯಿಲೆ ಅಂದಾಕಿ ಅಲ್ರಿ. ದಿನಾ ಮುಂಜಾನೆ ಇಲ್ಲಿ ಒಮ್ಮೆ ಬರೀತೇನಿ. ಅಷ್ಟ."

ನನ್ನಿಂದ ಮುಚ್ಚಲಾಗಲಿಲ್ಲ. ಬದಲಿಗೆ, ಯಾರು ಯಾವ ಹೊತ್ತಿಗೆ ಒಳಗೆ ಬಂದರು ಎಂಬುದನ್ನು ಕಂಪ್ಯೂಟರು ತಾನೇ ದಾಖಲಿಸುವಂತೆ ಮಾಡಿ ಬಂದೆ. ವಾರ ಕಳೆದು ನೋಡಿದರೆ ಆ ಹೆಸರು ದಿನಾ ಮುಂಜಾನೆ ಒಮ್ಮೆ ಬಂದಿತ್ತು, ಅದು ಅಕ್ಕಾರದು. ಬಹಳಷ್ಟು ದಿನ ಊಟದ ಹೊತ್ತಿಗೆ ಮತ್ತೊಮ್ಮೆ ಬಂದಿತ್ತು. ಊಟದ ಹೊತ್ತಿಗೆ ಅಕ್ಕಾರು ಬೇವಿನ ಗಿಡದ ಕೆಳಗೆ ಹೆಣ್ಣುಮಕ್ಕಳ ಜೊತೆ ರೊಟ್ಟಿ ಬಿಚ್ಚಿ ಕುಳಿತಿರುತ್ತಾರೆ, ನಾನೇ ದಿನಾ ನೋಡುತ್ತಿದ್ದೆ. ಮ್ಯಾನೇಜರರಿಗೆ ಹೇಳಿದರೆ, ಗುಟ್ಟಿನ ಪದವನ್ನು ಬೇರೆ ಯಾರಿಗೋ ಕೊಟ್ಟಿದ್ದಾಳೆ, ಅಷ್ಟೇ ಎಂದರು. ಊಟದ ಹೊತ್ತಿಗೆ ಲ್ಯಾಬಿಗೆ ಯಾರು ಹೋಗುತ್ತೀರಿ ಎಂದು ಎಲ್ಲರನ್ನೂ ಕೇಳಿದೆ. ಮತ್ತೆ ಅದೇ ಮಿಕಿಮಿಕಿ ನೋಟ.

ಸಂಜೆ ಸೈಕಲ್ ಸ್ಟ್ಯಾಂಡಿನಲ್ಲಿ ಭಟ್ಟಿಯ ಹಿರಿಯ ಕೆಲಸಗಾರರು, ಎಲ್ಲರೂ ಕಾಕಾ ಎನ್ನುವವರು, ನನ್ನ ಕ್ಯಾರಿಯರ್ ಹಿಡಿದು ನಿಲ್ಲಿಸಿದರು.

"ಮಾಸ್ತರ, ಊಟದ ಹೊತ್ತಿನ್ಯಾಗ ಲ್ಯಾಬಿಗಿ ಹೋಗಬ್ಯಾಡ್ರಿ. ಸಾಹೇಬ್ರು ಬಂದಿರತಾರ."

ಯಾವ ಸಾಹೇಬರು ಎಂದು ಕೇಳುವಷ್ಟರಲ್ಲೇ, ತೀರಿಕೊಂಡ ಮುಖ್ಯಸ್ಥರ ಮಾತು ಇದು ಎಂದು ನನಗೆ ಗೊತ್ತಾಗಿತ್ತು. ಶ್ರಾವಣದಿಂದಲೂ ಹೀಗೇ ನಡೆದಿದೆಯೆಂದು ಕಾಕಾ ತಣ್ಣಗೆ ಹೇಳಿದರು. ಖಾಲಿ ಕುರ್ಚಿಯ ಮುಂದೆ ಪರದೆ ತಾನೇ ಬೆಳಗುತ್ತದೆ. ಮೌಸಿನ ಬಾಣ ತಾನೇ ಓಡಾಡುತ್ತದೆ. ಕಾಗದಗಳು ತೆರೆಯುತ್ತವೆ, ಮುಚ್ಚುತ್ತವೆ. ಮೊದಲು ಕಂಡವರೊಬ್ಬರು ಜ್ವರ ಬಂದು ಮಲಗಿದ್ದರಂತೆ. ಆಮೇಲೆ ಎಲ್ಲರಿಗೂ ಅದೊಂದು ಧೈರ್ಯವಾಯಿತು. ಸಾಹೇಬರು ಕೆಲಸ ನೋಡಿ ಹೋಗುತ್ತಿದ್ದಾರೆ, ಇನ್ನು ಯಾವ ಎರಕವೂ ಕೆಡುವುದಿಲ್ಲ ಎಂದು ಊದಿನಕಡ್ಡಿ ಹಚ್ಚಿಟ್ಟು ಬಾಗಿಲು ಮುಂದೆ ಮಾಡಿ ಹೋಗುತ್ತಿದ್ದರು. ಬಾಯಿಬಿಟ್ಟು ಆಡಿದರೆ ಬಂದವರು ಹೋಗಿಬಿಡುತ್ತಾರೆಂದು ಯಾರೂ ಆಡಲಿಲ್ಲ. ಅಕ್ಕಾರಿಗೂ ಗೊತ್ತೇ ಎಂದೆ. ಗೊತ್ತು, ಆದರೆ ಅವರು ಒಮ್ಮೆಯೂ ನೋಡಲು ಬಂದಿಲ್ಲ, ಅಮವಾಸ್ಯೆಗೆ ಎಡೆ ಕಟ್ಟಿಕೊಂಡು ಬಂದು ಮೇಜಿನ ಮೇಲಿಟ್ಟು ಹೊರಗೆ ಹೋಗುತ್ತಾರೆ ಎಂದರು.

ಮರುದಿನ ಊಟದ ಸೈರನ್ ಆದ ಮೇಲೆ ನಾನು ಲ್ಯಾಬಿನಲ್ಲಿ ಉಳಿದೆ. ಹೊರಗೆ ಬಿಸಿಲು. ಭಟ್ಟಿಯ ಗದ್ದಲ ನಿಂತು, ಪರೀಕ್ಷೆಯ ಯಂತ್ರದ ಸಣ್ಣ ಗುಂಯ್‌ಗುಡುವಿಕೆ ಮಾತ್ರ ಕೇಳುತ್ತಿತ್ತು. ಯಾರೋ ಹಚ್ಚಿಟ್ಟ ಕಡ್ಡಿ ಅರ್ಧ ಉರಿದಿತ್ತು. ಕಪ್ಪಾಗಿದ್ದ ಪರದೆ ಒಮ್ಮೆಲೆ ಬೆಳಗಿತು. ಹೆಸರು ಕೇಳುವ ಜಾಗದಲ್ಲಿ ಅವರ ಹೆಸರಿನ ಅಕ್ಷರಗಳು ಒಂದೊಂದಾಗಿ ಮೂಡಿದವು, ಕೀಲಿಗಳು ಅಲುಗಲಿಲ್ಲ. ಬಾಣ ನಡುಗಿ, ನಿಂತು, ಮೂಲೆಗೆ ಸರಿದು ಒಂದು ಫೈಲು ತೆರೆಯಿತು. ಇದಕ್ಕೊಂದು ಕಾರಣವಿದೆ ಎಂದು ನನ್ನ ವಿದ್ಯೆಗೆ ಗೊತ್ತಿತ್ತು. ಆದರೂ ನನಗೆ ಹೆದರಿಕೆಯಾಯಿತು. ಹೆದರಿಕೆಗಿಂತ ಹೆಚ್ಚಾಗಿ, ಅವರು ಅಲ್ಲಿದ್ದಾರೆ ಎಂದೇ ಅನಿಸಿತು. "ಸರ್ರ?" ಎಂದುಬಿಟ್ಟೆ, ಆ ಖಾಲಿ ಕುರ್ಚಿಗೆ.

ಬಾಣ ತನ್ನ ಪಾಡಿಗೆ ಫೈಲುಗಳನ್ನು ಹುಡುಕುತ್ತಿತ್ತು. ನನ್ನ ಕಣ್ಣು ಆಗ ಮೇಜಿನ ಹಿಂದಕ್ಕೆ ಹೋಯಿತು. ಧೂಳು ಹಿಡಿದ ಬಟ್ಟೆಯ ಕೆಳಗೆ ಸಣ್ಣ ಕೆಂಪು ದೀಪವೊಂದು ಮಿನುಗುತ್ತಿತ್ತು. ಬಟ್ಟೆ ಎತ್ತಿದರೆ ಮೋಡೆಮ್ಮು. ನಾನು ಈ ಕೆಲಸಕ್ಕೆ ಸೇರುವ ಮೊದಲಿನದು. ಪರೀಕ್ಷೆಯ ಯಂತ್ರ ಕೊಟ್ಟ ಕಂಪನಿಯವರು, ಯಂತ್ರ ಕೆಟ್ಟರೆ ತಮ್ಮೂರಿನಿಂದಲೇ ಫೋನಿನ ತಂತಿಯ ಮೂಲಕ ಒಳಗೆ ಬಂದು ಸರಿಮಾಡಲೆಂದು ಹಾಕಿಸಿದ್ದರು. ಬಾಗಿಲು ಮಾಡಿಕೊಟ್ಟದ್ದು ಲ್ಯಾಬಿನ ಮುಖ್ಯಸ್ಥರ ಹೆಸರಿನಲ್ಲಿ. ಅವರು ಹೋದ ಮೇಲೆ ಆ ಬಾಗಿಲನ್ನು ಯಾರೂ ನೆನಪಿಡಲಿಲ್ಲ, ಅದು ಗೊತ್ತಿದ್ದ ಹೊರಗಿನವನೊಬ್ಬ ನೆನಪಿಟ್ಟಿದ್ದ. ಊಟದ ಹೊತ್ತಿಗೆ ಕೋಣೆ ಖಾಲಿ ಎಂದೂ ಅವನಿಗೆ ಗೊತ್ತಿತ್ತು. ಲ್ಯಾಬಿನಿಂದ ಆಫೀಸಿಗೆ ಎಳೆದ ತಂತಿಯ ಗುಂಟ ಅವನು ಡ್ರಾಯಿಂಗುಗಳವರೆಗೆ ಹೋಗಿ ಬರುತ್ತಿದ್ದ.

ತಂತಿ ಕೀಳಲು ಕೈ ಹಾಕಿದೆ. ಆಮೇಲೆ ಕೈ ಹಿಂದಕ್ಕೆ ತೆಗೆದೆ. ಈಗ ಕಿತ್ತರೆ ಕಳ್ಳತನ ನಿಲ್ಲುತ್ತದೆ, ಆದರೆ ಕಂಡವನು ನಾನೊಬ್ಬನೇ. ಮಾಸ್ತರ ಆ ಹೆಣ್ಣುಮಗಳನ್ನು ಉಳಿಸಲು ಕಥೆ ಕಟ್ಟಿದ ಎಂದು ಮ್ಯಾನೇಜರರು ಅನ್ನುವುದು ಖಂಡಿತ. ಕಳ್ಳ ಇನ್ನೊಮ್ಮೆ ಬರಬೇಕು, ಎಲ್ಲರ ಕಣ್ಣೆದುರಿಗೆ ಬರಬೇಕು, ಆ ಹೊತ್ತಿಗೆ ಅಕ್ಕಾರು ಎಲ್ಲರ ಕಣ್ಣಿಗೆ ಬೇರೆ ಕಡೆ ಕಾಣುತ್ತಿರಬೇಕು. ಬಾಗಿಲು ತೆರೆದೇ ಇಡುವುದೆಂದು ತೀರ್ಮಾನಿಸಿದೆ. ಮಾಲಕರಿಗೆ ಮಾತ್ರ ಹೇಳಿ ಒಪ್ಪಿಸಿ, ಸಂಜೆಯೇ ಪುಣೆಯ ಡ್ರಾಯಿಂಗುಗಳನ್ನೆಲ್ಲ ತೆಗೆದು, ಅವೇ ಹೆಸರಿನಲ್ಲಿ ಬಳಕೆ ತಪ್ಪಿದ ಹಳೆಯ ಡ್ರಾಯಿಂಗುಗಳನ್ನು ತುಂಬಿಟ್ಟೆ.

ಕಷ್ಟದ ಭಾಗ ಅಕ್ಕಾರಿಗೆ ಹೇಳುವುದಾಗಿತ್ತು. ಕೆಲವು ದಿನ ನೀವು ಆ ಹೆಸರು ಬರೆಯಬಾರದು, ಆ ಕಂಪ್ಯೂಟರ್ ಮುಟ್ಟಬಾರದು, ಊಟದ ಹೊತ್ತಿಗೆ ಗಿಡದ ಕೆಳಗಿಂದ ಏಳಬಾರದು ಎಂದೆ. ಯಾಕೆ ಎಂದು ಕೇಳಿದರು. ಹೇಳಿದೆ. ನಿಮ್ಮ ಮೇಲೆ ಅಪವಾದವಿದೆ ಎಂದೂ, ಬರುತ್ತಿರುವುದು ಅವರಲ್ಲ ಎಂದೂ. ಅಪವಾದದ ಮಾತು ಅವರ ಕಿವಿಗೆ ಮೊದಲೇ ಬಿದ್ದಿರಬೇಕು. ಎರಡನೆಯದಕ್ಕೆ ಮಾತ್ರ, "ಒಂದ ಸಲ ನಾ ಒಬ್ಬಾಕಿನ ಕುಂತ ನೋಡ್ಲೇನ್ರಿ?" ಎಂದರು.

ಹೂಂ ಎಂದೆ. ಮರುದಿನ ಊಟದ ಹೊತ್ತಿಗೆ ಅವರು ಒಳಗೆ ಹೋದರು, ನಾನು ಹೊರಗೆ ಕಟ್ಟೆಯ ಮೇಲೆ ಕುಳಿತೆ. ಒಳಗಿನಿಂದ ಒಂದು ಸದ್ದೂ ಇಲ್ಲ. ಸೈರನ್ ಆಗುವ ಮುಂಚೆ ಹೊರಬಂದು ಬಾಗಿಲ ಚೌಕಟ್ಟು ಹಿಡಿದು ನಿಂತರು.

"ಅವರಲ್ರಿ," ಎಂದರು. "ಮಗಳ ಫೋಟೊ ಪರದೆ ಮ್ಯಾಲೆ ಹಾಂಗ ಐತಿ, ಅವರ ಹಾಕಿದ್ದು. ಬಾಣ ಆಕಿ ಮಾರಿ ಮ್ಯಾಲಿಂದನ ಹಾದು ಹೋತು. ನಿಂದರಲಿಲ್ಲ."

ಇಷ್ಟು ಹೇಳಿ ತಮ್ಮ ಡಬ್ಬಿ ತೆಗೆದುಕೊಂಡು ಗಿಡದ ಕಡೆ ನಡೆದರು. ಅವತ್ತು ಅವರು ಉಣ್ಣಲಿಲ್ಲವೆಂದು ಹೆಣ್ಣುಮಕ್ಕಳು ಹೇಳಿದರು.

ಮರುದಿನದಿಂದ ಮಾಲಕರು, ಮ್ಯಾನೇಜರರು, ನಾನು ಮೂವರೂ ಊಟ ಬಿಟ್ಟು ಲ್ಯಾಬಿನಲ್ಲಿ ನಿಂತೆವು. ಕಿಟಕಿಯಾಚೆ ಗಿಡದ ಕೆಳಗೆ ಅಕ್ಕಾರು ಕಾಣುತ್ತಿದ್ದರು. ಬಾಣ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ವಾರ ಕಳೆಯಿತು. ಹಳೆಯ ಡ್ರಾಯಿಂಗು ಕಂಡು ಅವನಿಗೆ ಅನುಮಾನ ಬಂದಿರಬೇಕೆಂದುಕೊಂಡೆ. ಆಕೆ ಮುಟ್ಟುವುದು ಬಿಟ್ಟಳು, ಅದೂ ನಿಂತಿತು, ಇದಕ್ಕಿಂತ ಸಾಕ್ಷಿ ಬೇಕೇ ಎಂದು ಮ್ಯಾನೇಜರರು ಮಾಲಕರ ಎದುರಿಗೇ ಅಂದರು. ಅವರನ್ನು ಬಿಡುಗಡೆ ಮಾಡುವ ಪತ್ರವೂ ಟೈಪಾಯಿತು. ಅದೇ ದಿನಗಳಲ್ಲಿ ಒಂದು ಭಟ್ಟಿಯ ಎರಕವೆಲ್ಲ ಒಳಗೆ ಗಾಳಿ ಸೇರಿ ತೂತುಬಿದ್ದು ಹಾಳಾಯಿತು. ಭಟ್ಟಿಯವರು ನನ್ನ ಜೊತೆ ಮಾತು ಬಿಟ್ಟರು. ನಾನು ಕಾವಲು ನಿಂತು ಸಾಹೇಬರನ್ನು ಓಡಿಸಿದೆನೆಂದು ಅವರ ಸಿಟ್ಟು. ಕಾಕಾ ಕೂಡ ನನ್ನ ಕಂಡರೆ ಮುಖ ತಿರುಗಿಸುತ್ತಿದ್ದರು. ಕಳ್ಳ ಬರಲಿ ಎಂದು ದೇವರಿಗೆ ಹರಕೆ ಹೊತ್ತವನು ಆ ಸೀಮೆಯಲ್ಲಿ ನಾನೊಬ್ಬನೇ ಇರಬೇಕು.

ಹೊಲಕ್ಕೆ ಎಡೆ ಒಯ್ದು ಚರಗ ಚೆಲ್ಲುವ ಎಳ್ಳಮಾವಾಸ್ಯೆ ಹತ್ತಿರ ಬಂದಿತ್ತು. ಒಂದು ಮಧ್ಯಾಹ್ನ, ಮ್ಯಾನೇಜರರು ಆಕಳಿಸುತ್ತ ಗಡಿಯಾರ ನೋಡುತ್ತಿದ್ದಾಗ, ಪರದೆ ಬೆಳಗಿತು. ಆ ಹೆಸರು ಅಕ್ಷರ ಅಕ್ಷರವಾಗಿ ಮೂಡಿತು. ಮಾಲಕರು ತಮಗರಿವಿಲ್ಲದೆ ಚಪ್ಪಲಿ ಬಿಟ್ಟು ಕೈ ಮುಗಿದರು. ಮ್ಯಾನೇಜರರು ಎರಡು ಹೆಜ್ಜೆ ಹಿಂದೆ ಸರಿದು ಬಾಗಿಲಿಗೆ ಬೆನ್ನು ಕೊಟ್ಟರು. ನಾನು ಬಟ್ಟೆ ಎತ್ತಿ ಕೆಂಪು ದೀಪ ತೋರಿಸಿದೆ, ಕಿಟಕಿಯಾಚೆ ರೊಟ್ಟಿ ಮುರಿಯುತ್ತಿದ್ದ ಅಕ್ಕಾರನ್ನು ತೋರಿಸಿದೆ. ಮಾಲಕರು ಬಹಳ ಸಣ್ಣ ದನಿಯಲ್ಲಿ, ಎಲ್ಲರನ್ನೂ ಕರೆಯಿರಿ ಎಂದರು.

ಭಟ್ಟಿಯವರು, ಅಚ್ಚಿನವರು, ಹೆಣ್ಣುಮಕ್ಕಳು, ಒಬ್ಬರ ಹೆಗಲ ಮೇಲೊಬ್ಬರು ಬಗ್ಗಿ ನೋಡಿದರು. ಬಾಣ ಹಳೆಯ ಡ್ರಾಯಿಂಗುಗಳ ಮೇಲೆ ಆತುರದಿಂದ ಓಡಾಡುತ್ತಿತ್ತು. ಕಾಕಾ ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದಿದ್ದರು. "ಹಂಗಾರ ಅವರಲ್ಲೇನ್ರಿ ಮಾಸ್ತರ?" ಎಂದು ಕೇಳಿದರು. ಅವರ ದನಿಯಲ್ಲಿ ಜಗಳವಿರಲಿಲ್ಲ, ಅವರಲ್ಲ ಎನ್ನಬೇಡ ಎಂಬ ಬೇಡಿಕೆಯಿತ್ತು. ಗುಂಪಿನ ಹಿಂದಿನಿಂದ ಅಕ್ಕಾರ ದನಿ ಬಂತು.

"ಅವರಲ್ರಿ ಕಾಕಾ."

ಜನ ದಾರಿ ಬಿಟ್ಟರು. ಅವರು ಮುಂದೆ ಬಂದು, ಯಾವ ತಂತಿ ಎಂದು ನನ್ನನ್ನು ಕೇಳಿದರು. ಮಾಲಕರ ಕಡೆ ನೋಡಿದೆ, ಅವರು ತಲೆಯಾಡಿಸಿದರು. ಬೂದು ಬಣ್ಣದ್ದು ಎಂದೆ. ಅಕ್ಕಾರು ಬಗ್ಗಿ ಅದನ್ನು ಕಿತ್ತರು. ಕೆಂಪು ದೀಪ ಆರಿತು. ಬಾಣ ಇದ್ದಲ್ಲೇ ನಿಂತಿತು.

ಕಳ್ಳನ ಫೋನು ಯಾವ ಊರಿನಿಂದ ಬಂದಿತ್ತು ಎಂದಷ್ಟೇ ಆಮೇಲೆ ಗೊತ್ತಾಯಿತು, ಅದೂ ಯಾವುದೋ ಅಂಗಡಿಯ ನಂಬರು. ಯಂತ್ರದ ಕಂಪನಿಯವರು, ಈ ಕೆಲಸ ನೋಡುತ್ತಿದ್ದ ತಮ್ಮ ಇಂಜಿನಿಯರು ಕೆಲಸ ಬಿಟ್ಟು ಹೋಗಿದ್ದಾನೆ ಎಂದರು. ಅವನೇ ಎಂದು ಹೇಳಲು ನನ್ನ ಹತ್ತಿರ ಆಧಾರವಿರಲಿಲ್ಲ, ಇವತ್ತಿಗೂ ಇಲ್ಲ. ಮಾಲಕರು ಬಿಡುಗಡೆಯ ಪತ್ರವನ್ನು ನನ್ನೆದುರಿಗೇ ಹರಿದರು.

ಎಳ್ಳಮಾವಾಸ್ಯೆ ಮುಗಿದು ಪುಣೆಯವರು ಬಂದಾಗ ಕ್ಯಾಂಟೀನಿನಲ್ಲಿ ಕೊನೆಯ ಪಾಠ. ಅವರು ಹಿಂದೆ ಕುರ್ಚಿ ಹಾಕಿಕೊಂಡು ಕುಳಿತರು. ಯಾರ ಕೈಯೂ ಇಲ್ಲದೆ ಏನಾದರೂ ಅಲುಗಿದರೆ, ಅದು ದೇವರಾಗಲಿ, ಹಿರಿಯರಾಗಲಿ, ಮೊದಲು ಬಂದು ನನಗೆ 'ಹೀಗಾಯಿತು' ಎಂದು ಹೇಳಿರಿ, ಕೈ ಮುಗಿಯುವುದು ಆಮೇಲೆ. ಇಷ್ಟೇ ನಾನು ಹೇಳಿದ್ದು. ಕಾಕಾ ತಮ್ಮ ಮಾತು ಸೇರಿಸಿದರು. ಪ್ರೀತಿಯಿದ್ದವರ ಹೆಸರು ಹೇಳಿಕೊಂಡು ಬಂದರೆ ನಮ್ಮಂಥವರು ತಡೆಯುವುದಿಲ್ಲ ಎಂಬುದು ಕಳ್ಳನಿಗೆ ತಿಳಿದಿರಲಿಲ್ಲ, ನಾವೇ ಅವನಿಗೆ ಆ ಅನುಕೂಲ ಒದಗಿಸಿಕೊಟ್ಟೆವು ಎಂದರು. ಅವರ ಕಣ್ಣು ಕೆಂಪಗಿದ್ದವು.

ಆ ಹೆಸರು ಮುಚ್ಚುವುದನ್ನು ಎಲ್ಲರೆದುರಿಗೆ ತಾವೇ ಮಾಡುವೆನೆಂದು ಅಕ್ಕಾರು ಹೇಳಿದ್ದರು. ಲ್ಯಾಬಿನ ಕಂಪ್ಯೂಟರನ್ನು ಕ್ಯಾಂಟೀನಿನ ಮೇಜಿಗೆ ತಂದಿದ್ದೆ. ನಿಜವಾಗಿಯೂ ತೆಗೆಯಬೇಕೆ ಎಂದು ಪರದೆ ಕೇಳಿತು. ಅವರು ಕೀಲಿಯ ಮೇಲೆ ಬೆರಳಿಟ್ಟು ಒತ್ತದೆ ನಿಂತರು. ಆಮೇಲೆ ತಲೆಯ ಮೇಲೆ ಸೆರಗೆಳೆದುಕೊಂಡು, ಯಾರ ಕಡೆಯೂ ನೋಡದೆ ಹೇಳಿದರು:

"ಎಳ್ಳಮಾಸಿಗಿ ಚರಗಾ ಚೆಲ್ಲತಾರ ಹೊಲದಾಗ..."

ಎರಡನೇ ಸಾಲಿನಲ್ಲಿ ಅವರ ಗಂಡನ ಹೆಸರಿತ್ತು. ಅದನ್ನು ನಾನಿಲ್ಲಿ ಬರೆಯುವುದಿಲ್ಲ. ಹೆಣ್ಣುಮಕ್ಕಳು ಉಸಿರು ಹಿಡಿದರು, ಗಂಡ ಹೋದವರು ಒಡಪು ಹೇಳಿದ್ದನ್ನು ಅವರಲ್ಲಿ ಯಾರೂ ಕೇಳಿರಲಿಲ್ಲ. ಮರಾಠಿಗರಲ್ಲೂ ಈ ಪದ್ಧತಿಯಿದೆ. ಪುಣೆಯಿಂದ ಬಂದವರಲ್ಲಿ ಹಿರಿಯರು ಕೈಯಲ್ಲಿದ್ದ ಕಾಗದಗಳನ್ನು ಮಡಿಲಿಗಿಟ್ಟು ನೆಲ ನೋಡಿದರು. ಅಕ್ಕಾರು ಕೀಲಿ ಒತ್ತಿದರು.

ಆರ್ಡರು ಉಳಿಯಿತು, ಅವರ ನೌಕರಿಯೂ ಉಳಿಯಿತು. ಅಕ್ಕಾರ ಹೆಸರಿನಲ್ಲಿ ಹೊಸದೊಂದು ಮಾಡಿಕೊಟ್ಟೆ, ಆದರೂ ಅವರು ಅದನ್ನು ಬಳಸದೆ ಲ್ಯಾಬಿನ ಬೇರೆಯವರಿಂದ ಕಂಪ್ಯೂಟರ್ ತೆರೆಸಿಕೊಳ್ಳುತ್ತಿದ್ದರು. ಯಂತ್ರದ ರಿಪೇರಿಗೆ ಬೇಕಾದ್ದರಿಂದ ಮೋಡೆಮ್ಮನ್ನು ಮತ್ತೆ ಹಾಕಿದೆ, ಈ ಸಲ ನಾವೇ ತಿರುಗಿ ಫೋನ್ ಮಾಡದ ಹೊರತು ಯಾರಿಗೂ ತೆರೆಯದಂತೆ. ದಿನಾ ಮುಂಜಾನೆ ಹಿಂದಿನ ದಿನದ ದಾಖಲೆ ನೋಡುತ್ತಿದ್ದೆ. ಯಾರೋ ಊಟದ ಹೊತ್ತಿಗೆ ಫೋನಿನ ತಂತಿಯಲ್ಲಿ ಬಂದು ಆ ಹೆಸರು ಹೇಳಿ, ಬಾಗಿಲು ತೆರೆಯದೆ ವಾಪಸಾಗಿರುತ್ತಿದ್ದರು. ಅಕ್ಕಾರು ಬಸ್ಸಿಳಿದವರು ಮೊದಲು ನನ್ನ ಕೋಣೆಗೆ ಬಂದು ಬಾಗಿಲಲ್ಲಿ ನಿಂತು, ನಿನ್ನೆ ಬಂದಿತ್ತೇ ಎಂದು ಕೇಳುತ್ತಿದ್ದರು. ಬಂದಿತ್ತು ಎಂದರೆ ಸುಮ್ಮನೆ ತಲೆಯಾಡಿಸಿ ಕೆಲಸಕ್ಕೆ ಹೋಗುತ್ತಿದ್ದರು. ಒಂದು ದಿನ ತಡೆಯಲಾರದೆ, ಅದು ಕಳ್ಳ ಎಂದು ಗೊತ್ತಿದ್ದೂ ಯಾಕೆ ಕೇಳುತ್ತೀರಿ ಎಂದೆ.

"ಯಾರರ ಆಗ್ಲಿ, ಅವರ ಹೆಸರ ಹೇಳಿ ಬಾಗಲಾ ಬಡಿಯಾಕ ಹತ್ಯಾರಲ್ರಿ," ಎಂದರು. "ಮತ್ಯಾರ ಹೇಳತಾರ ಈಗ ಆ ಹೆಸರ?"

ಯುಗಾದಿಯ ಹೊತ್ತಿಗೆ ಅದು ನಿಂತಿತು. ಒಂದು ದಿನ ಬರಲಿಲ್ಲ, ಮರುದಿನವೂ ಇಲ್ಲ. ಬಂದಿತ್ತು ಎಂದು ನಾನು ಒಂದೆರಡು ದಿನ ಸುಳ್ಳು ಹೇಳಿದೆ. ಆಮೇಲೆ ಹೇಳಲಾಗಲಿಲ್ಲ. ಯಾರನ್ನೂ ನಂಬಬೇಡಿರಿ, ಕೇಳಿ ನೋಡಿ ಒಳಗೆ ಬಿಡಿರಿ ಎಂದು ಊರಿಗೆಲ್ಲ ಪಾಠ ಹೇಳಿದವನು, ಆ ಮುಂಜಾನೆ ಪರದೆಯನ್ನೇ ನೋಡುತ್ತ, ಇಲ್ಲರಿ ಅಕ್ಕಾರ, ಈ ವಾರ ಯಾರೂ ಬಂದಿಲ್ಲ ಎಂದೆ.

"ಹಂಗಾರ ಈಗ ಹ್ವಾದ್ರು," ಎಂದರು ಅವರು.

ಸ್ವಲ್ಪ ಹೊತ್ತಿನ ಮೇಲೆ ಯಾವುದೋ ನೆಪ ಮಾಡಿಕೊಂಡು ಲ್ಯಾಬಿನ ಕಡೆ ಹೋದೆ. ಅಕ್ಕಾರು ಸ್ಟೂಲನ್ನು ಗೋಡೆಗೆ ಸರಿಸಿದ್ದರು. ಕುರ್ಚಿಯ ದಿಂಬನ್ನು ಎತ್ತಿ, ಧೂಳು ಕೊಡವಿ, ಮಗ್ಗುಲು ಬದಲಿಸಿ ಹಾಕಿ ಅದರ ಮೇಲೆ ಕುಳಿತರು. ಆಮೇಲೆ ಒಂದೊಂದೇ ಅಕ್ಷರ ಹುಡುಕಿ, ತಮ್ಮ ಹೆಸರು ಒತ್ತಿದರು.